ಬಿಸಿಲಿನ ಇಳಿಜಾರಿಗೆ ಏನು ಹಾಕೋಣ: ಲಾವಂಚವಾ, ಪೊದೆಯಾ, ಮರವಾ, ಸುಮ್ನೆ ಬಿಡೋದಾ?

ತುಮಕೂರು, ಕೋಲಾರ, ಚಿತ್ರದುರ್ಗದ ಕಡೆ ಊರಾಚೆ ಒಂದಿಷ್ಟು ಜಾಗ ಮಾಡಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಇದು. ಮನೆ ಪಕ್ಕ ಇಳಿಜಾರು ಇದೆ. ದಿನವಿಡೀ ಬಿಸಿಲು. ಬೋರ್‌ವೆಲ್ ನೀರು ಮನೆಗೇ ಸಾಲದು. ಅಲ್ಲಿ ಏನು ಹಾಕೋದು? ನರ್ಸರಿಯವರು ಲಾನ್ ಹಾಕಿಸಿ ಅಂತಾರೆ. ಬೇಸಾಯ ಬಲ್ಲವರು ಲಾವಂಚದ ಹುಲ್ಲು ಅಂತಾರೆ. ಮನೆಯ ಹಿರಿಯರು ಹೊಂಗೆ, ಬೇವು ಹಾಕಿ, ನೆರಳಾಗುತ್ತೆ ಅಂತಾರೆ. ಕೇಳಿದಷ್ಟೂ ಗೊಂದಲ ಜಾಸ್ತಿ.

ನಮ್ಮದೂ ಮಧುಗಿರಿ ಕಡೆಯ ಕೆಂಪು ಮಣ್ಣಿನ ಇಳಿಜಾರು. ಆರು ಗುಂಟೆ, ಪಡುವಣಕ್ಕೆ ಮುಖ. ಮನೆ ಕಟ್ಟುವಾಗ ಕೆಲಸಕ್ಕೆ ಬಂದವರು ಜೆಸಿಬಿ ತಂದು, ಅಲ್ಲಿದ್ದ ತಂಗಡಿ ಪೊದೆ, ಬಂದ್ರೆ ಪೊದೆ, ಹುಲ್ಲು ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಕೆರೆದು ಹಾಕಿದರು. ಜಾಗ ಕ್ಲೀನಾಯಿತು ಅಂತ ನಮಗೂ ಖುಷಿಯಾಗಿತ್ತು. ಮೇ ತಿಂಗಳ ಮೊದಲ ಜೋರು ಮಳೆಗೆ ಅಂಗಳದಲ್ಲಿ ಪಾದ ಮುಳುಗುವಷ್ಟು ಕೆಂಪು ಕೆಸರು ಬಂದು ನಿಂತಿತು. ಮೇಲ್ಮಣ್ಣು ಅಂದರೆ ಅದೇ. ಹೋದರೆ ನಮ್ಮ ಆಯಸ್ಸಿನಲ್ಲಿ ವಾಪಸ್ ಬರುವುದಿಲ್ಲ. ಆ ದಿನದಿಂದ ನಾನು ಯಾವ ಇಳಿಜಾರು ನೋಡಿದರೂ ಮೊದಲು ಕೇಳಿಕೊಳ್ಳುವುದು, ಇಲ್ಲಿ ಮಣ್ಣನ್ನು ಹಿಡಿದಿರುವುದು ಯಾವುದು ಅಂತ. ಹೂವು, ನೆರಳು, ಚೆಂದ ಎಲ್ಲ ಆಮೇಲೆ.

ಇಲ್ಲಿ ಬರೆದಿರುವುದು ಬಯಲುಸೀಮೆಯ ಲೆಕ್ಕ. ಮಲೆನಾಡು, ಕರಾವಳಿಯ ಇಳಿಜಾರಿಗೆ ಇದು ಹೊಂದುವುದಿಲ್ಲ. ಅಲ್ಲಿ ಮಳೆಯೂ ಬೇರೆ, ಮಣ್ಣೂ ಬೇರೆ, ಗಿಡಗಳೂ ಬೇರೆ.

ಮೊದಲು ಜಾಗ ನೋಡಿ

ಹಾರೆ ತಗೊಂಡು ಇಳಿಜಾರಿನ ಮೇಲೆ, ನಡುವೆ, ಕೆಳಗೆ ಮೂರು ಕಡೆ ಗುಂಡಿ ತೋಡಿ. ಬಹುತೇಕ ಕಡೆ ಮೇಲೆ ಒಂದು ಗೇಣು ಮಣ್ಣು, ಅದರಡಿ ಗರಸು. ಕೆಳಗೆ ಎರಡು ಮೂರು ಅಡಿ ಒಳ್ಳೆಯ ಮಣ್ಣು. ಮೇಲಿನದು ಮೊದಲು ಒಣಗುತ್ತದೆ, ಕೆಳಗಿನದು ಎಷ್ಟೋ ದಿನ ತೇವ ಹಿಡಿದಿರುತ್ತದೆ. ನಮ್ಮ ಕಣ್ಣಿಗೆ ಇಳಿಜಾರು ಒಂದೇ. ಗಿಡಕ್ಕೆ ಅದು ಎರಡು ಮೂರು ಬೇರೆ ಬೇರೆ ಜಾಗ. ಇದನ್ನು ಮರೆತು ಮೇಲಿಂದ ಕೆಳಗಿನವರೆಗೆ ಒಂದೇ ಗಿಡ ಹಾಕಿದರೆ ಅರ್ಧ ಒಣಗುವುದು ಗ್ಯಾರಂಟಿ.

ಆಮೇಲೆ ಕಡಿದು ಎಷ್ಟಿದೆ ನೋಡಿ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಇಳಿಯುವ ಜಾಗದಲ್ಲಿ ಮುಂದೆ ಹೇಳುವ ಎಲ್ಲವೂ ಸಾಧ್ಯ. ಎರಡು ಅಡಿಗೆ ಒಂದು ಅಡಿಗಿಂತ ಕಡಿದಾಗಿದ್ದು, ಮನೆ ಗೋಡೆಯೂ ಹತ್ತಿರ ಇದ್ದರೆ ಗಿಡದ ಮಾತು ಬಿಟ್ಟುಬಿಡಿ. ಎಂಜಿನಿಯರ್ ಕರೆಸಿ ತಡೆಗೋಡೆ ಕಟ್ಟಿಸಿ, ಅದರಲ್ಲಿ ನೀರು ಹೊರಬರಲು ತೂತು ಇಡಿಸಿ. ನೇರವಾಗಿ ಕಡಿದ ದಿಬ್ಬವನ್ನು ಯಾವ ಬೇರೂ ಹಿಡಿದು ನಿಲ್ಲಿಸುವುದಿಲ್ಲ. ಇದರಲ್ಲಿ ರಾಜಿ ಬೇಡ.

ದಿಕ್ಕಿನ ಬಗ್ಗೆ ಒಂದು ಮಾತು. ಹೊರದೇಶದ ತೋಟದ ಪುಸ್ತಕಗಳಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರೇ ಅತಿ ಬಿಸಿ ಅಂತ ಇರುತ್ತದೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ನಮಗೆ ಕಷ್ಟ ಕೊಡುವುದು ಪಡುವಣದ ಇಳಿಜಾರು. ಮಧ್ಯಾಹ್ನ ಎರಡರಿಂದ ಐದರ ಬಿಸಿಲು ನೇರ ಅದರ ಮುಖಕ್ಕೆ. ಅಲ್ಲಿ ಸಸಿ ನೆಟ್ಟರೆ ಮೊದಲ ಬೇಸಿಗೆಯಲ್ಲಿ ಪಡುವಣ ಬದಿಗೆ ಒಂದು ಸೊಪ್ಪಿನ ಮರೆ ಬೇಕೇ ಬೇಕು.

ನೀರಿನ ಲೆಕ್ಕ ಹಾಕಿ. ಬರ ತಾಳುವ ಗಿಡ ಅಂದರೆ ಮೊದಲ ದಿನದಿಂದ ತಾಳುತ್ತದೆ ಅಂತಲ್ಲ. ಬೇರು ಇಳಿಯುವವರೆಗೆ, ಅಂದರೆ ಕಡಿಮೆ ಅಂದರೂ ಒಂದು ಬೇಸಿಗೆ, ಮರಕ್ಕೆ ಎರಡು ಬೇಸಿಗೆ ನೀರು ಕೊಡಬೇಕು. 200 ಸಸಿಗೆ ತಲಾ ವಾರಕ್ಕೆ 5 ಲೀಟರ್ ಅಂದರೆ ವಾರಕ್ಕೆ 1000 ಲೀಟರ್. ಫೆಬ್ರವರಿಯಿಂದ ಮೇವರೆಗೆ ಸುಮಾರು ಹದಿನೇಳು ವಾರ. ಅಷ್ಟು ನೀರು ಇದೆಯಾ? ಇನ್ನೊಂದು ಕಡೆ ಮಳೆ ನೋಡಿ. ಒಂದು ಗುಂಟೆ ಸುಮಾರು 100 ಚದರ ಮೀಟರ್. 30 ಮಿಲಿಮೀಟರ್ ಮಳೆ ಬಂದರೆ ಆ ಒಂದು ಗುಂಟೆ ಮೇಲೆ 3000 ಲೀಟರ್ ಬೀಳುತ್ತದೆ. ಅದು ಹರಿದುಹೋಗದಂತೆ ತಡೆದರೆ ಟ್ಯಾಂಕರ್‌ಗೆ ಕೊಡುವ ದುಡ್ಡು ಉಳಿಯಿತು.

ಕೊನೆಗೆ ಎರಡು ಶತ್ರುಗಳು: ಆಡು ಮತ್ತು ಬೆಂಕಿ. ಸುತ್ತ ಕುರಿ, ಆಡು ಮೇಯುವ ಜಾಗವಾದರೆ, ಬೇಲಿಗೆ ದುಡ್ಡಿಲ್ಲದಿದ್ದರೆ, ಆಯ್ಕೆಯೇ ಬದಲಾಗುತ್ತದೆ. ಬೆಟ್ಟದ ಬುಡದಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಬೆಂಕಿ ಬೀಳುವುದು ಮಾಮೂಲಿಯಾದರೆ ಆಗಲೂ ಬದಲಾಗುತ್ತದೆ.

ನಮ್ಮ ಗಿಡ ಯಾವುದು?

ಬರ ತಾಳುವುದೆಲ್ಲ ನಮ್ಮ ನೆಲದ್ದೇ ಅಂತ ಬಹಳ ಜನ ತಪ್ಪು ತಿಳಿದಿರುತ್ತಾರೆ. ಬದುವಿನ ಮೇಲಿನ ಕತ್ತಾಳೆ, ಪಾಪಾಸುಕಳ್ಳಿ, ಸೀತಾಫಲ, ಬಳ್ಳಾರಿ ಜಾಲಿ, ಲಂಟಾನ, ಕಾಗದದ ಹೂವು ಎಲ್ಲ ಅಮೆರಿಕ ಖಂಡಗಳಿಂದ ಬಂದವು. ಗುಲ್‌ಮೊಹರ್ ಮಡಗಾಸ್ಕರ್‌ನದು. ಬರ ತಾಳುತ್ತವೆ, ನಿಜ. ಆದರೆ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಸೀತಾಫಲ ಕಲ್ಲು ಜಾಗದಲ್ಲಿ ಬರುತ್ತದೆ, ಆಡು ಮುಟ್ಟುವುದಿಲ್ಲ, ಹಣ್ಣು ಕೊಡುತ್ತದೆ. ನಾನು ನಾಲ್ಕು ಹಾಕಿದ್ದೇನೆ, ಬೇಜಾರಿಲ್ಲ. ಬಳ್ಳಾರಿ ಜಾಲಿ, ಲಂಟಾನ ಹಾಗಲ್ಲ. ಅವು ಬೇರೆಯದಕ್ಕೆ ಜಾಗ ಕೊಡುವುದಿಲ್ಲ.

ಲಾನ್ ಮತ್ತು ಹಳದಿ ಹೂವಿನ ವೆಡೆಲಿಯಾ ಬಳ್ಳಿ ವಿಷಯ ಬೇಗ ಮುಗಿಸುತ್ತೇನೆ. ಲಾನ್‌ಗೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನಾ ನೀರು ಬೇಕು, ಬೇರು ಮೇಲ್ಮೇಲೆ, ಇಳಿಜಾರಿನಲ್ಲಿ ಕತ್ತರಿಸುವುದೂ ಕಷ್ಟ. ವೆಡೆಲಿಯಾ ಬೇಗ ಹಸಿರು ಮುಚ್ಚುತ್ತದೆ ಅಂತ ಮಾರುತ್ತಾರೆ. ಅದೂ ಹೊರಗಿನದು, ಹಬ್ಬಿದರೆ ತೆಗೆಯುವುದು ಬಹಳ ಕಷ್ಟ. ಆಟಕ್ಕೆ, ಕೂರುವುದಕ್ಕೆ ಒಂದು ತುಂಡು ಹಸಿರು ಬೇಕೇ ಅನ್ನುವವರು ಕೆಳಗಿನ ಸಮತಟ್ಟಿನಲ್ಲಿ ಗರಿಕೆ ಹಾಕಿ. ಬೇಸಿಗೆಯಲ್ಲಿ ಕಂದುತ್ತದೆ, ಒಂದು ಮಳೆಗೆ ಎದ್ದು ಬರುತ್ತದೆ. ಹೂವಿನ ಪಾತಿಗೆ ನುಗ್ಗುತ್ತದೆ ಅನ್ನುವುದೊಂದೇ ಅದರ ಕಾಟ.

ಲಾವಂಚ

ಮಣ್ಣು ಈಗಲೇ ಕೊಚ್ಚಿಹೋಗುತ್ತಿದೆ, ಬೇಗ ತಡೆಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬೇರು ಅಡ್ಡ ಹರಡದೆ ನೇರ ಕೆಳಗೆ ಇಳಿಯುತ್ತದೆ. ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗುತ್ತದೆ. ಗುಂಡ್ಲುಪೇಟೆ ಕಡೆ ರೈತರು ಹೊಲದ ಗಡಿಗೆ ಇದನ್ನು ಹಾಕುವುದು ಹಳೆಯ ರೂಢಿ. 1980ರ ದಶಕದಲ್ಲಿ ವಿಶ್ವಬ್ಯಾಂಕ್ ಮಣ್ಣು ಉಳಿಸಲು ಲಾವಂಚದ ಸಾಲನ್ನು ಬೇರೆ ದೇಶಗಳಿಗೆ ಹೇಳಿಕೊಡುವಾಗ ಈ ರೈತರ ಬೇಲಿಯನ್ನೇ ಉದಾಹರಣೆಯಾಗಿ ತೋರಿಸಿತು.

ಆದರೆ ಇದು ಸಾಲಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಅಲ್ಲೊಂದು ಇಲ್ಲೊಂದು ಬುಡ ನೆಟ್ಟರೆ ಪ್ರಯೋಜನವಿಲ್ಲ. ಗಾರೆ ಕೆಲಸದವರ ಟ್ಯೂಬ್ ಲೆವೆಲ್ (ಮಟ್ಟ ನೋಡುವ ನೀರಿನ ಪೈಪು) ತಗೊಂಡು ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಗೆರೆ ಹಾಕಿ. ಆ ಗೆರೆಯಲ್ಲಿ ಎರಡು ಮೂರು ಕವಲಿನ ಬುಡಗಳನ್ನು ಗೇಣಿಗಿಂತ ಕಡಿಮೆ ಅಂತರದಲ್ಲಿ, 10ರಿಂದ 15 ಸೆಂಟಿಮೀಟರ್‌ಗೆ ಒಂದರಂತೆ ನೆಡಿ. ಅಂದರೆ 30 ಮೀಟರ್ ಸಾಲಿಗೆ 200ರಿಂದ 300 ಬುಡ. ಒಂದು ಸಾಲಿನಿಂದ ಮುಂದಿನ ಸಾಲಿಗೆ ಎತ್ತರದಲ್ಲಿ ಒಂದೂವರೆ ಎರಡು ಮೀಟರ್ ಇಳುಕಲು ಇರಲಿ. ನಡುವೆ ಒಂದು ಬುಡ ಸತ್ತರೂ ನೀರು ಅಲ್ಲೇ ನುಗ್ಗಿ ಕೊರಕಲು ಮಾಡುತ್ತದೆ. ಹಾಗಾಗಿ ಮೊದಲ ವರ್ಷ ಖಾಲಿ ಬಿದ್ದ ಕಡೆ ಮತ್ತೆ ನೆಡುತ್ತಲೇ ಇರಬೇಕು. ಬುಡ ಕೊಳ್ಳುವ ಖರ್ಚು ಜಾಸ್ತಿ ಅನ್ನಿಸಿದರೆ ಐವತ್ತು ಬುಡ ತಂದು ಮನೆಯ ಬಚ್ಚಲು ನೀರಿನಲ್ಲಿ ಒಂದು ವರ್ಷ ಬೆಳೆಸಿ ಒಡೆದು ನೆಡಿ. ಒಂದು ವರ್ಷ ತಡವಾಗುತ್ತದೆ, ದುಡ್ಡು ಉಳಿಯುತ್ತದೆ.

ಕೊರತೆಗಳೂ ಇವೆ. ಲಾವಂಚಕ್ಕೆ ನೆರಳು ಆಗುವುದಿಲ್ಲ. ಇದರ ಪಕ್ಕ ಹೊಂಗೆ ನೆಟ್ಟರೆ ನಾಲ್ಕೈದು ವರ್ಷಕ್ಕೆ ಸಾಲು ಸೊರಗುತ್ತದೆ. ಹೂವಿಲ್ಲ, ಹಣ್ಣಿಲ್ಲ, ನೋಡುವುದಕ್ಕೆ ಹುಲ್ಲಿನ ಬೇಲಿ ಅಷ್ಟೇ. ಬೇಸಿಗೆಯಲ್ಲಿ ಗರಿ ಒಣಗಿ ಬೆಂಕಿ ಹಿಡಿಯುತ್ತದೆ. ಬುಡ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ, ಆದರೆ ಮನೆ ಹತ್ತಿರ ಇದ್ದರೆ ಜನವರಿಯಲ್ಲೇ ಕತ್ತರಿಸಿಬಿಡಿ. ಕತ್ತರಿಸಿದ ಗರಿ ಸಸಿಗಳ ಬುಡಕ್ಕೆ ಮುಚ್ಚಿಗೆಯಾಗುತ್ತದೆ.

ಪೊದೆ ಗಿಡಗಳು

ಒಂದೇ ಒಂದು ಆಯ್ಕೆ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಬಯಲುಸೀಮೆಯ ಯಾವ ಗುಡ್ಡಕ್ಕೆ ಹೋದರೂ ಬಿಸಿಲಿನ ಮೈಮೇಲೆ ಕಾಣುವುದು ಇವೇ. ಯಾರೂ ನೆಟ್ಟಿಲ್ಲ, ಯಾರೂ ನೀರು ಹಾಕಿಲ್ಲ.

ತಂಗಡಿ ಮೊದಲನೆಯದು. ಕೆಲವು ಕಡೆ ಆವರಿಕೆ ಅಂತಾರೆ. ಎದೆಯೆತ್ತರ ಬೆಳೆಯುತ್ತದೆ, ವರ್ಷದಲ್ಲಿ ಬಹಳ ಕಾಲ ಹಳದಿ ಹೂವು. ನಮ್ಮ ಕಡೆ ದೀಪಾವಳಿಯಲ್ಲಿ ಸಗಣಿಯ ಪುಟ್ಟ ಉಂಡೆಗಳಿಗೆ (ಕೆರಕಪ್ಪ) ಸಿಕ್ಕಿಸುವ ಹೂವುಗಳಲ್ಲಿ ಇದೂ ಒಂದು. ತೊಗಟೆಯಲ್ಲಿ ಒಗರು ಜಾಸ್ತಿ, ಚರ್ಮ ಹದ ಮಾಡಲು ಹಿಂದೆ ಇದನ್ನೇ ಬಳಸುತ್ತಿದ್ದರು. ಆಡು, ದನ ಇದನ್ನು ಮೇಯುವುದಿಲ್ಲ. ಬೇಲಿ ಇಲ್ಲದವರಿಗೆ ಇದೊಂದೇ ಗುಣ ಸಾಕು. ಹಳದಿ, ತಿಳಿಹಸಿರು ಚಿಟ್ಟೆಗಳು ಇದರ ಎಲೆಯ ಮೇಲೆ ಮೊಟ್ಟೆ ಇಡುತ್ತವೆ. ಮಳೆಗಾಲದಲ್ಲಿ ಎಲೆ ತೂತು ಬಿದ್ದಿದ್ದು ನೋಡಿ ಔಷಧಿ ಹೊಡೆಯಬೇಡಿ, ಅದು ಮರಿಗಳ ಊಟ.

ಎರಡನೆಯದು ಬಂದ್ರೆ. ಗರಸಿನಲ್ಲೂ, ಬಂಡೆ ಸಂದಿಯಲ್ಲೂ ಬರುತ್ತದೆ. ಇಳಿಜಾರಿನ ಅತಿ ಒಣ ತುದಿಗೆ ನನ್ನ ಆಯ್ಕೆ ಇದು. ವರ್ಷವಿಡೀ ಹಸಿರು, ಕತ್ತರಿಸಿದರೆ ಒತ್ತಾಗಿ ಬೇಲಿಯಾಗುತ್ತದೆ. ಇದನ್ನೂ ಆಡು ಸಾಮಾನ್ಯವಾಗಿ ಬಿಡುತ್ತದೆ. ಎಲೆಯಲ್ಲಿ ಅಂಟು ಇರುವುದರಿಂದ ಬೆಂಕಿ ಬೇಗ ಹೊತ್ತುತ್ತದೆ. ಹಾಗಾಗಿ ಮನೆ ಗೋಡೆಗೆ ತಾಗಿಸಿ ಹಾಕಬೇಡಿ.

ಲಕ್ಕಿ ಗಿಡಕ್ಕೆ ಸ್ವಲ್ಪ ತೇವ ಇಷ್ಟ. ಹಳ್ಳದ ದಡದಲ್ಲಿ ಮಣ್ಣು ಹಿಡಿದು ನಿಂತಿರುವುದನ್ನು ನೋಡಿರುತ್ತೀರಿ. ಇಳಿಜಾರಿನ ಕೆಳಭಾಗ, ನೀರು ಹರಿದು ಬರುವ ಜಾಡು ಇದಕ್ಕೆ ಸರಿಯಾದ ಜಾಗ. ಮಳೆಗಾಲದಲ್ಲಿ ಬೆರಳು ದಪ್ಪದ ಕಡ್ಡಿ ಚುಚ್ಚಿದರೆ ಬದುಕುತ್ತದೆ, ಅಂದರೆ ಸಸಿಯ ಖರ್ಚೂ ಇಲ್ಲ. ನೀಲಿ ಹೂವಿಗೆ ಜೇನು ಬರುತ್ತದೆ. ಶೀತವಾದಾಗ ಸೊಪ್ಪು ಕುದಿಸಿ ಆವಿ ತಗೊಳ್ಳುವವರಿಗೆ ಮನೆ ಹತ್ತಿರವೇ ಸಿಕ್ಕ ಹಾಗಾಯಿತು.

ಕವಳೆ ಮುಳ್ಳಿನ ಗಿಡ. ಬೇಲಿಗೆ ಒಳ್ಳೆಯದು, ಹಣ್ಣು ಮಕ್ಕಳಿಗೂ ಹಕ್ಕಿಗೂ ಇಷ್ಟ. ಬೆಳೆಯುವುದು ನಿಧಾನ. ಮಕ್ಕಳು ಓಡಾಡುವ ದಾರಿಯ ಪಕ್ಕ ಬೇಡ, ಗಡಿಯಲ್ಲಿ ಹಾಕಿ.

ಪೊದೆಗಳ ದೊಡ್ಡ ಅನುಕೂಲ ಅಂದರೆ ದುಡ್ಡು. ತಂಗಡಿ, ಬಂದ್ರೆ ಬೀಜದ ಸಿಪ್ಪೆ ಗಟ್ಟಿ. ಬಿಸಿ ನೀರು ಸುರಿದು ರಾತ್ರಿಯಿಡೀ ನೆನೆಸಿ, ಮಳೆ ಹಿಡಿದ ಮೇಲೆ ಗೀಚಿದ ಸಾಲಿನಲ್ಲಿ ಬಿತ್ತಿದರೆ ಆಯಿತು. ಅಲ್ಲೇ ಮೊಳೆತ ಗಿಡದ ಬೇರು ಪಾಕೆಟ್ ಸಸಿಗಿಂತ ಬೇಗ ಆಳಕ್ಕೆ ಹೋಗುತ್ತದೆ, ನೀರೂ ಕಡಿಮೆ ಸಾಕು. ಕಳೆದುಕೊಳ್ಳುವುದು ಏನು? ಮೊದಲ ಎರಡು ವರ್ಷ ಜಾಗ ತೋಟದ ಹಾಗೆ ಕಾಣುವುದಿಲ್ಲ. ಬಂದವರು "ಇದೇನು, ಕಾಡು ಗಿಡ ಬಿಟ್ಟಿದ್ದೀರಾ?" ಅಂತಾರೆ. ನಡೆಯುವ ದಾರಿಗೆ ಒಂದು ಸಾಲು ಕಲ್ಲು ಹಾಕಿ, ಅಂಚಿನ ಗಿಡ ವರ್ಷಕ್ಕೊಮ್ಮೆ ಸವರಿದರೆ ಅದೇ ಗಿಡ ಬೇಕಂತಲೇ ನೆಟ್ಟ ಹಾಗೆ ಕಾಣುತ್ತದೆ. ಮತ್ತೆ, ಪೊದೆ ನೆರಳು ಕೊಡುವುದಿಲ್ಲ.

ಮರ

ನೆರಳು ಬೇಕು ಅನ್ನುವುದು ನ್ಯಾಯವಾದ ಆಸೆ. ಆದರೆ ಬೋಳು ಇಳಿಜಾರಿಗೆ ಬರೀ ಮರ ಹಾಕಿದರೆ ಮೊದಲ ನಾಲ್ಕೈದು ವರ್ಷ ಮಣ್ಣು ಹಿಡಿಯಲು ಏನೂ ಇರುವುದಿಲ್ಲ. ಎರಡು ಸಸಿಗಳ ನಡುವಿನ ಹತ್ತು ಹದಿನೈದು ಅಡಿ ಬರಿಯ ನೆಲ. ಮರದ ಬುಡದಲ್ಲಿ ಹುಲ್ಲು ಪೊದೆ ಇರಬೇಕು, ಅದೂ ಮರಕ್ಕಿಂತ ಮೊದಲು.

ಯಾವ ಮರ ಅನ್ನುವುದು ಜಾಗ ನೋಡಿ. ಕೆಳಗೆ, ಮಣ್ಣು ಆಳ ಇರುವ ಕಡೆ ಹೊಂಗೆ. ಉಳಿದ ಮರ ಬೋಳಾಗಿರುವ ಏಪ್ರಿಲ್‌ನಲ್ಲಿ ಹೊಸ ಚಿಗುರಿನ ತಂಪು ಕೊಡುವ ಮರ ಅದು. ನಡುವೆ ಮುತ್ತುಗ, ಕಕ್ಕೆ. ಮುತ್ತುಗ ಫೆಬ್ರವರಿ, ಮಾರ್ಚ್‌ನಲ್ಲಿ ಕೆಂಡದ ಹಾಗೆ ಅರಳುತ್ತದೆ, ಆದರೆ ನಿಧಾನ. ಕಕ್ಕೆಯನ್ನು ಆಡು ಮುಟ್ಟುವುದಿಲ್ಲ. ಮೇಲೆ, ಗರಸಿನಲ್ಲಿ ಕಮರ ಮತ್ತು ಚುಜ್ಜಲು. ಚುಜ್ಜಲಿನ ಎಲೆ ಪುಡಿಯಲ್ಲಿ ತಲೆ ತೊಳೆದ ನೆನಪು ಅಜ್ಜಿಯರಿಗೆ ಇರುತ್ತದೆ. ಕಮರ ಮೊದಲ ಕೆಲವು ವರ್ಷ ಬೆಳೆದೇ ಇಲ್ಲವೇನೋ ಅನ್ನಿಸುತ್ತದೆ. ಅಷ್ಟು ಹೊತ್ತೂ ಅದು ಕೆಳಗೆ ತಾಯಿಬೇರು ಇಳಿಸುತ್ತಿರುತ್ತದೆ. ಆ ಬೇರು ಪಾಕೆಟ್‌ನಲ್ಲಿ ಸುರುಳಿ ಸುತ್ತಿಕೊಂಡರೆ ಗಿಡ ಏಳುವುದಿಲ್ಲ. ಆದ್ದರಿಂದ ಕಮರವನ್ನು ಜಾಗದಲ್ಲೇ ಬಿತ್ತುವುದು ಒಳ್ಳೆಯದು.

ಶ್ರೀಗಂಧ ಹಾಕಲಾ ಅಂತ ಕೇಳುವವರು ಬಹಳ. 2001ರ ಕಾನೂನು ತಿದ್ದುಪಡಿಯ ನಂತರ ಜಮೀನಿನವರೇ ಅದರ ಒಡೆಯರು. ನಮ್ಮದೇ ಮರ, ಬರ ತಾಳುತ್ತದೆ. ಪಕ್ಕದ ಗಿಡದ ಬೇರಿನಿಂದ ಆಹಾರ ಎಳೆಯುವುದರಿಂದ ಜೊತೆಗೆ ಆಸರೆ ಗಿಡ ಬೇಕು. ಆದರೆ ಕಾವಲಿಲ್ಲದ ಜಾಗದಲ್ಲಿ ಮರ ದಪ್ಪವಾದಂತೆ ಕಳ್ಳರ ಭಯವೂ ದಪ್ಪವಾಗುತ್ತದೆ. ವಾರಕ್ಕೊಮ್ಮೆ ಬಂದು ಹೋಗುವವರಿಗೆ ನಾನು ಬೇಡ ಅನ್ನುತ್ತೇನೆ.

ಖರ್ಚಿನಲ್ಲಿ ಮರವೇ ದುಬಾರಿ. ಸಸಿಯ ಬೆಲೆಯಿಂದಲ್ಲ. ಎರಡು ಅಡಿ ಗುಂಡಿ, ಕೆಳಬದಿಗೆ ಅರ್ಧಚಂದ್ರದ ಬದು, ಗೆದ್ದಲಿಗೆ ಬೇವಿನ ಹಿಂಡಿ, ಮುಳ್ಳಿನ ಬೇಲಿ, ಎರಡು ಬೇಸಿಗೆಯ ನೀರು ಎಲ್ಲ ಸೇರುತ್ತದೆ. ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಸಿ ಕಡಿಮೆ ದರಕ್ಕೆ ಸಿಗುತ್ತದೆ. ನೀವು ರೈತರಾಗಿದ್ದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗಳಿಗೆ ಮೂರು ವರ್ಷ ಪ್ರೋತ್ಸಾಹಧನವೂ ಇದೆ. ನೆಡುವ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಹೆಸರು ಬರೆಸಿ, ಈಗಿನ ದರ ಕೇಳಿಕೊಳ್ಳಿ.

ಸುಮ್ನೆ ಬಿಡೋದು

ಇದೂ ಒಂದು ಆಯ್ಕೆ, ಸೋಮಾರಿತನವಲ್ಲ. ನಿಮ್ಮ ಇಳಿಜಾರಿನ ಮೇಲ್ಮಣ್ಣು ಇನ್ನೂ ಇದ್ದರೆ, ಪಕ್ಕದಲ್ಲಿ ಕುರುಚಲು ಗುಡ್ಡ ಇದ್ದರೆ, ಬೇಲಿ ಒಂದನ್ನು ಹಾಕಿ ಆಡು, ಕುಡುಗೋಲು ಎರಡನ್ನೂ ಹೊರಗಿಡಿ. ಕಡಿದ ಬುಡಗಳು ಚಿಗುರುತ್ತವೆ, ಹಕ್ಕಿಗಳು ಬೀಜ ತರುತ್ತವೆ. ಮೂರು ನಾಲ್ಕು ಮಳೆಗಾಲಕ್ಕೆ ಬರುವ ಹಸಿರು ನೋಡಿದರೆ ನೀವೇ ಆಶ್ಚರ್ಯಪಡುತ್ತೀರಿ. ನೀರಿನ ಖರ್ಚು ಸೊನ್ನೆ.

ಜೆಸಿಬಿ ಕೆರೆದು ಗರಸು ಮೇಲೆ ಬಂದಿರುವ ಜಾಗಕ್ಕೆ ಇದು ಆಗುವುದಿಲ್ಲ. ಅಲ್ಲಿ ಬೀಜ ನಿಲ್ಲುವ ಮೊದಲೇ ನೀರು ಒಯ್ಯುತ್ತದೆ. ಲಂಟಾನ, ಬಳ್ಳಾರಿ ಜಾಲಿ ಆಗಲೇ ತುಂಬಿದ್ದರೂ ಸುಮ್ನೆ ಬಿಟ್ಟರೆ ಅವೇ ಹೆಚ್ಚುತ್ತವೆ. ತೆಗೆಯುವಾಗ ಒಂದು ಎಚ್ಚರ: ಇಡೀ ಇಳಿಜಾರಿನ ಲಂಟಾನ ಒಮ್ಮೆಲೇ ಕಿತ್ತರೆ ಮಣ್ಣು ಸಡಿಲವಾಗಿ ಕೊಚ್ಚಿಹೋಗುತ್ತದೆ. ಅಡ್ಡ ಪಟ್ಟಿ ಪಟ್ಟಿಯಾಗಿ ತೆಗೆಯಿರಿ. ಒಂದು ಪಟ್ಟಿಯಲ್ಲಿ ತಂಗಡಿ ಎದ್ದ ಮೇಲೆ ಮುಂದಿನದು.

ಯಾರಿಗೆ ಯಾವುದು?

ದುಡ್ಡು ಕಡಿಮೆ, ನೀರಿಲ್ಲ, ವಾರಕ್ಕೊಮ್ಮೆ ಬರುವವರು ನೀವಾಗಿದ್ದರೆ ತಂಗಡಿ, ಬಂದ್ರೆ ಬೀಜ ಬಿತ್ತಿ, ಕೆಳಗೆ ಲಕ್ಕಿ ಕಡ್ಡಿ ಚುಚ್ಚಿ. ಮರದ ಆಸೆ ಎರಡು ವರ್ಷ ಮುಂದೂಡಿ. ಮಣ್ಣು ಈಗಲೇ ಹರಿದು ಮನೆಗೆ ಬರುತ್ತಿದ್ದರೆ ದುಡ್ಡನ್ನೆಲ್ಲ ಮೊದಲು ಲಾವಂಚದ ಸಾಲಿಗೆ ಹಾಕಿ, ನಡುವೆ ತಂಗಡಿ ಬಿತ್ತಿ. ಅಲ್ಲೇ ವಾಸ ಇದ್ದು, ದಿನಾ ಎರಡು ಬಿಂದಿಗೆ ನೀರು ಹಾಕಬಲ್ಲವರು ಕೆಳಗಿನ ಅಂಚಿನಲ್ಲಿ ಹೊಂಗೆ, ನೆಲ್ಲಿ ನೆಡಬಹುದು. ಹತ್ತು ಮರ ಚೆನ್ನಾಗಿ ಸಾಕಿದರೆ ನೂರು ಸಸಿ ನೆಟ್ಟು ತೊಂಬತ್ತು ಒಣಗಿಸುವುದಕ್ಕಿಂತ ಎಷ್ಟೋ ಮೇಲು. ಬೆಂಕಿ ಬೀಳುವ ಗುಡ್ಡದ ಪಕ್ಕದವರು ಗಡಿಯುದ್ದಕ್ಕೂ ಎರಡು ಮೂರು ಮೀಟರ್ ಅಗಲ ಒಣಹುಲ್ಲು ಸವರಿ ಇಡಿ. ನೆಲ ಅಗೆಯಬೇಡಿ, ಸವರಿದರೆ ಸಾಕು.

ನಾವು ಕೊನೆಗೆ ಮಾಡಿದ್ದು ಬೆರಕೆ. ಮೂರು ಸಾಲು ಲಾವಂಚ, ಮೇಲ್ಗಡೆ ಬಂದ್ರೆ, ನಡುವೆ ತಂಗಡಿ, ಕೆಳಗೆ ಲಕ್ಕಿ, ಅದಕ್ಕೂ ಕೆಳಗೆ ಐದು ಹೊಂಗೆ. ಹೊಂಗೆಯ ನೆರಳು ಕೊನೆಯ ಲಾವಂಚದ ಸಾಲಿಗೆ ಬೀಳದಷ್ಟು ದೂರ ಬಿಟ್ಟಿದ್ದೇವೆ. ಈಗ ಮಳೆ ಬಂದಾಗ ಅಂಗಳಕ್ಕೆ ಬರುವ ನೀರು ತಿಳಿಯಾಗಿರುತ್ತದೆ.

ಕಾಲದ ವಿಷಯ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಟ್ಟದ ಗೆರೆ, ಗುಂಡಿ, ಬದು ಏಪ್ರಿಲ್ ಒಳಗೆ ಮುಗಿಸಿ. ಬಿತ್ತನೆ, ಲಾವಂಚ ಜೂನ್, ಜುಲೈನಲ್ಲಿ. ಆಗ ದೊಡ್ಡ ಮಳೆ ಬರುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಮರದ ಸಸಿಯನ್ನೂ ಆಗಸ್ಟ್ ಒಳಗೆ ನೆಡಿ. ನವೆಂಬರ್‌ನಲ್ಲಿ ನೆಟ್ಟ ಸಸಿ ಬೇರು ಇಳಿಸುವ ಮೊದಲೇ ಬೇಸಿಗೆಗೆ ಸಿಕ್ಕಿಬೀಳುತ್ತದೆ.

ಬೀಜಕ್ಕೆ ಅಂಗಡಿ ಹುಡುಕಬೇಕಿಲ್ಲ. ರಸ್ತೆ ಬದಿಯ ತಂಗಡಿಯಲ್ಲಿ ಕಾಯಿ ಕಂದಾಗಿ ಗಿಲಿಗಿಲಿ ಸದ್ದು ಮಾಡುವಾಗ ಒಂದು ಚೀಲ ಕಿತ್ತು ತನ್ನಿ. ನೆರಳಲ್ಲಿ ಒಣಗಿಸಿ, ಬಡಿದು, ಬೂದಿ ಬೆರೆಸಿ ಡಬ್ಬಿಯಲ್ಲಿ ಇಡಿ. ಒಂದೇ ಗಿಡದಿಂದ ಬೇಡ, ಹತ್ತಾರು ಗಿಡಗಳಿಂದ ಸ್ವಲ್ಪ ಸ್ವಲ್ಪ. ಆಯಾ ಗಿಡದಲ್ಲೂ ಅರ್ಧ ಕಾಯಿ ಬಿಟ್ಟು ಬನ್ನಿ.